ಪಾರಿವಾಳಗಳಿಗೆ ಕಾಳು ಹಾಕಿದವರಾರು?

ಪಾಳುಬಿದ್ದ ಕಟ್ಟಡದ ಮುಂದೆ ನಿಂತ ವಿದ್ಯಾವಂತರ ಬಾಯಿಂದ ಹೊರಡುವ ಮೊದಲ ಉದ್ಗಾರ ‘ಆಹಾ, ಎಂಥ ಪ್ರಶಾಂತತೆ!’ ಎಂಬುದು. ಈ ಉದ್ಗಾರದ ಮೇಲೆ ನನಗೆ ಬಹುಕಾಲದಿಂದಲೂ ಮುನಿಸಿದೆ. ಕಟ್ಟಡ ಹಾಳಾದ ಮೇಲೆ ಅಲ್ಲಿ ಪ್ರಶಾಂತತೆಯಲ್ಲದೆ ಇನ್ನೇನು ಇದ್ದೀತು? ದುಡಿದವರೂ ಹೋದರು, ದುಡಿಸಿದವರೂ ಹೋದರು, ಅವರ ನಡುವಿನ ಜಗಳವೂ ಹೋಯಿತು. ಉಳಿದ ಕಲ್ಲುಗಳ ಮೌನವನ್ನೇ ಆ ಕಾಲದ ಮೌನವೆಂದು ಭಾವಿಸುವುದಾದರೆ ಇತಿಹಾಸವನ್ನು ಓದುವ ಶ್ರಮವೇ ಬೇಕಾಗಿಲ್ಲ. ಈ ಹಳೆಯ ಮುನಿಸನ್ನು ಹೊರಹಾಕಲು ಇಂದು ನಾನು ಆರಿಸಿಕೊಂಡಿರುವ ವಸ್ತು ಮಧ್ಯಯುಗದ ಕ್ರೈಸ್ತ ಮಠಗಳ ಪಾರಿವಾಳಮನೆ.

ಹೆಸರಿನ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ. ಇಂಗ್ಲಿಷರು ಇದನ್ನು ಡವ್‌ಕೋಟ್ ಎನ್ನುತ್ತಾರೆ, ಫ್ರೆಂಚರು ಕೊಲೊಂಬಿಯೆ ಎನ್ನುತ್ತಾರೆ. ನಮ್ಮ ಅಮರಕೋಶದಲ್ಲಿ ಕಪೋತಪಾಲಿಕೆ, ವಿಟಂಕ ಎಂಬ ಪದಗಳಿವೆ. ದೇವಾಲಯಗಳ ಮುಂಚಾಚಿದ ಕಲ್ಲಿನ ಸೂರಿಗೆ ‘ಕಪೋತ’ವೆಂದು ಹೆಸರಿರುವುದನ್ನು, ನನ್ನೊಡನೆ ಬೇಲೂರಿಗೆ ಪ್ರವಾಸ ಬಂದಿದ್ದ ವಿದ್ಯಾರ್ಥಿಗಳು ನೆನಪಿಟ್ಟಿರಬಹುದು, ಇಟ್ಟಿಲ್ಲದಿದ್ದರೆ ಈಗಲಾದರೂ ಇಟ್ಟುಕೊಳ್ಳಲಿ. ಆದರೆ ನಾನು ಹೇಳಹೊರಟಿರುವುದು ಹಕ್ಕಿ ಬಂದು ಕೂರುವ ಸೂರಿನ ಸಂಗತಿಯಲ್ಲ. ಪಾರಿವಾಳಕ್ಕೆಂದೇ ಅಡಿಪಾಯ ತೋಡಿ ಎಬ್ಬಿಸಿದ ಇಡೀ ಗೋಪುರದ ಸಂಗತಿ.

ವೇಲ್ಸ್ ದೇಶದ ದಕ್ಷಿಣದಲ್ಲಿ, ಸಮುದ್ರಕ್ಕೆ ಹತ್ತಿರವಾಗಿ, ಗ್ಲಾಮೋರ್ಗನ್ ಸೀಮೆಯಲ್ಲಿ ಮಂಕ್‌ನ್ಯಾಷ್ ಎಂಬ ಚಿಕ್ಕ ಗ್ರಾಮವಿದೆ. ಹೆಸರಿನಲ್ಲಿರುವ ‘ಮಂಕ್’ ಎಂದರೆ ಸನ್ಯಾಸಿಯೇ. ಸುಮಾರು ಏಳೆಂಟು ಹರದಾರಿ ದೂರದ ನೀತ್ ಎಂಬಲ್ಲಿದ್ದ ಮಠಕ್ಕೆ ಈ ಗ್ರಾಮದ ಭೂಮಿ ಸೇರಿತ್ತು. ನೀತ್ ಮಠವನ್ನು 1129ರಲ್ಲಿ ರಿಚರ್ಡ್ ದ ಗ್ರಾನ್‌ವಿಲ್ ಎಂಬ ನಾರ್ಮನ್ ಸರದಾರನು ಸ್ಥಾಪಿಸಿದನು. 1147ರಲ್ಲಿ ಅದು ಸಿಸ್ಟರ್ಷಿಯನ್ ಎಂಬ ಸನ್ಯಾಸಿ ಪಂಥದಲ್ಲಿ ವಿಲೀನವಾಯಿತು. 1539ರಲ್ಲಿ ಎಂಟನೆಯ ಹೆನ್ರಿಯ ಕಾಲದಲ್ಲಿ ಮುಚ್ಚಿಹೋಯಿತು. ಮಠದಿಂದ ದೂರವಿರುವ ಇಂತಹ ಮಠದ ಹೊಲಮನೆಗೆ ‘ಗ್ರೇಂಜ್’ ಎಂದು ಹೆಸರು. ಮಂಕ್‌ನ್ಯಾಷ್ ಗ್ರೇಂಜಿನಲ್ಲಿ ಇಂದು ಉಳಿದಿರುವುದು ಮಣ್ಣಿನ ದಿಬ್ಬಗಳ ಸಾಲು, ಇನ್ನೂರು ಅಡಿಯಷ್ಟು ಉದ್ದದ ಧಾನ್ಯದ ಕೊಟ್ಟಿಗೆಯ ಮುರುಕು ಗೋಡೆಗಳು ಮತ್ತು ದುಂಡನೆಯ ಕಲ್ಲಿನ ಪಾರಿವಾಳಮನೆಯ ಅವಶೇಷ. ಕೊಟ್ಟಿಗೆಯೂ ಪಾರಿವಾಳಮನೆಯೂ ಒಂದೇ ಆವರಣದಲ್ಲಿರುವುದನ್ನು ಗಮನಿಸಿರಿ. ಒಂದು ಕೊಯಿಲಾದ ಕಾಳನ್ನು ತುಂಬಿಕೊಳ್ಳಲು, ಇನ್ನೊಂದು ಕೊಯಿಲಾಗದ ಕಾಳನ್ನು ತರಿಸಿಕೊಳ್ಳಲು.

ನನ್ನ ಮಗಳ ಸಂಸಾರ ಕಾರ್ಡಿಫ್ ನಗರದಲ್ಲಿದೆ. 2018ರ ಬೇಸಗೆಯಲ್ಲಿ ಅಲ್ಲಿಗೆ ಹೋಗಿದ್ದಾಗ, ಮೊಮ್ಮಗಳು ಶಾಲೆಗಾಗಿ ‘ಮಠದ ಜೀವನ’ ಎಂಬ ವಿಷಯವಾಗಿ ಚಿತ್ರ ಸಹಿತ ಪುಸ್ತಿಕೆಯೊಂದನ್ನು ತಯಾರಿಸುತ್ತಿದ್ದಳು. ನಾವೆಲ್ಲ ಕೂಡಿ ಮಂಕ್‌ನ್ಯಾಷ್ ನೋಡಿ ಬಂದೆವು. ಅವಳು ಗೋಪುರದ ಚಿತ್ರ ಬರೆದು, ಕೆಳಗೆ ತನ್ನದೇ ಒಂದು ಪ್ರಶ್ನೆಯನ್ನು ಬರೆದಳು: ‘ಇಷ್ಟೊಂದು ಪಾರಿವಾಳಗಳಿಗೆ ಕಾಳು ಹಾಕುತ್ತಿದ್ದವರು ಯಾರು?’ ನಾನಾಗಿದ್ದರೆ ಆ ಪ್ರಶ್ನೆಯನ್ನು ಕರಿಹಲಗೆಯ ಮೇಲೆ ಬರೆದು, ಇಡೀ ತರಗತಿಯನ್ನು ಒಂದು ವಾರ ಅದಕ್ಕೆ ದುಡಿಸುತ್ತಿದ್ದೆ. ಶಾಲೆಯಿಂದ ಮರಳಿ ಬಂದ ಪುಸ್ತಿಕೆಯಲ್ಲಿ ಪ್ರಶ್ನೆಯ ಮುಂದೆ ಕೆಂಪು ಶಾಯಿಯಲ್ಲಿ ‘ಸನ್ಯಾಸಿಗಳು’ ಎಂಬ ಒಂದೇ ಪದವಿತ್ತು. ಪಕ್ಕದಲ್ಲಿ ‘ವಿಷಯಾಂತರ ಬೇಡ’ ಎಂಬ ಹಿತವಚನವೂ ಇತ್ತು. ಮೂವತ್ತಾರು ವರ್ಷ ಕೆಂಪು ಶಾಯಿಯನ್ನು ಹಿಡಿದ ಕೈ ನನ್ನದು. ಆ ಶಾಯಿ ಪ್ರಶ್ನೆಯನ್ನು ಹೊಡೆದುಹಾಕಲು ಬಳಕೆಯಾದಾಗ ನನಗೆ ಸುಮ್ಮನಿರಲಾಗುವುದಿಲ್ಲ. ಅಲ್ಲದೆ, ಆ ಉತ್ತರ ಶುದ್ಧ ತಪ್ಪು.

ಪಾರಿವಾಳಮನೆ ಹೇಗೆ ನಡೆಯುತ್ತಿತ್ತೆಂಬುದನ್ನು ನೋಡೋಣ. ಒಳಗೆ ಇಳಿದು ನೋಡಲು ಒಳ್ಳೆಯ ಮಾದರಿ ಇಂಗ್ಲೆಂಡಿನ ವಾರಿಕ್‌ಷೈರ್ ಸೀಮೆಯ ಕಿನ್‌ವಾರ್ಟನ್‌ದು. 14ನೆಯ ಶತಮಾನದಲ್ಲಿ ಈವ್‌ಷಾಮ್ ಮಠದವರು ಕಟ್ಟಿಸಿದ್ದು, ಇಂದಿಗೂ ಚೆನ್ನಾಗಿ ಉಳಿದಿದೆ. ಮೂರಡಿಗೂ ಹೆಚ್ಚು ದಪ್ಪದ ದುಂಡು ಗೋಡೆ. ಒಳಮೈಯಲ್ಲಿ ಸುತ್ತಲೂ ಸಾಲುಸಾಲಾಗಿ ಐನೂರಕ್ಕೂ ಮಿಕ್ಕ ಗೂಡುಗಳು. ನಡುವೆ ನೆಟ್ಟ ಮರದ ಕಂಬವೊಂದು ತನ್ನ ಅಕ್ಷದ ಮೇಲೆ ತಿರುಗುತ್ತದೆ; ಕಂಬದ ತೋಳುಗಳಿಗೆ ಏಣಿಯನ್ನು ಬಿಗಿದಿರುತ್ತಾರೆ. ಏಣಿಯೇರಿದವನು ಕೆಳಗಿಳಿಯದೆ ಗೋಡೆಯನ್ನು ತಳ್ಳುತ್ತಾ ಸುತ್ತಿದರೆ ಯಾವ ಗೂಡಿಗಾದರೂ ಕೈಹಾಕಬಹುದು. ನಮ್ಮ ಎಣ್ಣೆಗಾಣದಷ್ಟೇ ಜಾಣತನದ ಯಂತ್ರವಿದು. ಇದರ ಉದ್ದೇಶ ಪಾರಿವಾಳದ ಸುಖವಲ್ಲ. ಗೂಡಿನಲ್ಲಿ ಹುಟ್ಟಿದ ಜೋಡಿ ಮರಿಗಳು ಸುಮಾರು ನಾಲ್ಕು ವಾರಕ್ಕೆ ಮೈತುಂಬಿಕೊಂಡು, ಇನ್ನೂ ರೆಕ್ಕೆ ಬಡಿದಿರುವುದಿಲ್ಲ. ಹಾರದ ಹಕ್ಕಿಯ ಮಾಂಸ ಮೃದು. ಆ ಹೊತ್ತಿಗೆ ಸರಿಯಾಗಿ ಏಣಿ ತಿರುಗುತ್ತಿತ್ತು. ದೊಡ್ಡ ಹಕ್ಕಿಗಳನ್ನು ಮಾತ್ರ ಮತ್ತೆ ಮರಿಮಾಡಲು ಬಿಡುತ್ತಿದ್ದರು. ನೆಲಕ್ಕೆ ಬಿದ್ದ ಹಿಕ್ಕೆ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತಿತ್ತು. ಮುಂದಿನ ಶತಮಾನಗಳಲ್ಲಿ ಅದರಿಂದ ಮದ್ದಿನ ಪುಡಿಗೆ ಬೇಕಾದ ಪೆಟ್ಲುಪ್ಪನ್ನೂ ತೆಗೆದರು. ಶಾಂತಿಯ ಸಂಕೇತವೆಂದು ನಾವು ಹಾರಿಬಿಡುವ ಹಕ್ಕಿಯ ಹಿಕ್ಕೆಯಿಂದ ತೋಪಿನ ಮದ್ದು! ಇರಲಿ.

ಇಷ್ಟು ಹಕ್ಕಿಗಳಿಗೆ ಆಹಾರವೆಲ್ಲಿಯದು? ಹಿಮ ಬಿದ್ದು ನೆಲ ಮುಚ್ಚಿದ ದಿನಗಳಲ್ಲಿ ಕಾವಲುಗಾರನು ಒಂದಿಷ್ಟು ಕಾಳನ್ನು ಚೆಲ್ಲುತ್ತಿದ್ದುದುಂಟು. ಉಳಿದ ದಿನಗಳಲ್ಲಿ ಹಕ್ಕಿ ಬೆಳಗಾದರೆ ಹೊರಗೆ ಹಾರಿ, ಕಂಡವರ ಹೊಲದಲ್ಲಿ ಮೇದು, ಸಂಜೆಗೆ ಗೂಡಿಗೆ ಮರಳುತ್ತಿತ್ತು. ಗೋಪುರದ ಅರ್ಥಶಾಸ್ತ್ರವೆಲ್ಲ ಇಷ್ಟೇ. ದನವನ್ನು ಮೇಯಿಸಲು ಹುಲ್ಲುಗಾವಲು ಬೇಕು, ಕುರಿಗೆ ಕುರುಬ ಬೇಕು. ಪಾರಿವಾಳ ಮಾತ್ರ ತಾನೇ ಹೋಗಿ ಪರರ ಪೈರನ್ನು ಹೊಟ್ಟೆಯಲ್ಲಿ ತುಂಬಿಕೊಂಡು ಬಂದು, ಒಡೆಯನ ತಟ್ಟೆಗೆ ಮಾಂಸವಾಗಿ ಬೀಳುತ್ತದೆ. ದಶಾಂಶವೆಂದು ಧಾನ್ಯದ ಹತ್ತನೆಯ ಒಂದು ಪಾಲನ್ನು ಅಳೆದು ತರಲು ಮಠಕ್ಕೆ ಆಳು, ಗಾಡಿ, ಲೆಕ್ಕದ ಪುಸ್ತಕಗಳು ಬೇಕಾಗುತ್ತಿದ್ದವು. ಪಾರಿವಾಳದ ವಸೂಲಿಗೆ ಗಾಡಿಯೂ ಬೇಡ, ರಸೀದಿಯೂ ಬೇಡ.

ಗಣಿತದ ಮೇಷ್ಟ್ರಲ್ಲದಿದ್ದರೂ ಒಂದು ಅಂದಾಜಿನ ಲೆಕ್ಕ ಕೊಡುತ್ತೇನೆ. ಐನೂರು ಗೂಡುಗಳೆನ್ನಿ. ಒಂದು ಗೂಡಿನಲ್ಲಿ ಮರಿ ಬೆಳೆಯುತ್ತಿರುವಾಗಲೇ ಇನ್ನೊಂದರಲ್ಲಿ ಮೊಟ್ಟೆಯಿಡುವ ಹಕ್ಕಿಯಾದ್ದರಿಂದ ಜೋಡಿಗೆ ಎರಡು ಗೂಡು ಹಿಡಿಯೋಣ. ಇನ್ನೂರೈವತ್ತು ಜೋಡಿ, ಐನೂರು ಹಕ್ಕಿ. ಒಂದು ಪಾರಿವಾಳಕ್ಕೆ ದಿನಕ್ಕೆ ಸುಮಾರು 30 ಗ್ರಾಂ ಕಾಳು ಬೇಕು. ಒಟ್ಟು ದಿನಕ್ಕೆ 15 ಕಿಲೊ, ತಿಂಗಳಿಗೆ 450 ಕಿಲೊ. ಹಕ್ಕಿಗಳ ಪರ ವಾದಿಸುವವರು ಅವು ಕಳೆಯ ಬೀಜವನ್ನೇ ಹೆಚ್ಚು ತಿನ್ನುತ್ತವೆಂದು ಹೇಳುತ್ತಾರೆ. ಒಪ್ಪೋಣ; ಮೂರರಲ್ಲಿ ಎರಡು ಪಾಲನ್ನು ಬಿಟ್ಟುಬಿಡೋಣ. ಬಿತ್ತನೆಯ ಒಂದು ತಿಂಗಳಲ್ಲಿ ಬಿತ್ತಿದ ಕಾಳು 150 ಕಿಲೊ ಹೋಯಿತೆನ್ನಿ. ಆ ಕಾಲದ ಗೋಧಿ ಹೊಲದಲ್ಲಿ ಒಂದು ಕಾಳು ಬಿತ್ತಿದರೆ ನಾಲ್ಕು ಕಾಳು ಬಂದರೆ ಅದೇ ಒಳ್ಳೆಯ ಬೆಳೆ. ಹೋದದ್ದು ಸುಗ್ಗಿಯ 600 ಕಿಲೊ. ದಿನಕ್ಕೆ ಅರ್ಧ ಕಿಲೊ ಕಾಳಿನಲ್ಲಿ ಬದುಕುವ ಮೂವರ ವರ್ಷದ ಅನ್ನ, ಒಂದು ಗೋಪುರಕ್ಕೆ, ಒಂದು ತಿಂಗಳಲ್ಲಿ. ತೆನೆ ಕಟ್ಟಿದ ಮೇಲೆ ತಿಂದದ್ದು ಬೇರೆ.

ಹೊಲ ಕಾಯುವುದೆಂದರೇನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜೋಳಕ್ಕೆ ಹಾಲು ತುಂಬಿತೆಂದರೆ ನಮ್ಮ ತಂದೆಯವರು ಹೊಲದ ನಡುವೆ ಅಟ್ಟಣಿಗೆ ಕಟ್ಟಿ, ನಮ್ಮ ಕೈಗೆ ಕವಣೆ ಕೊಟ್ಟು ಕೂಡಿಸುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಕೂಗಿ ಕೂಗಿ ಗಂಟಲು ಕಟ್ಟುತ್ತಿತ್ತು. ಆದರೂ ಕಲ್ಲು ಬೀಸುವ ಹಕ್ಕು ನಮ್ಮದಾಗಿತ್ತು. ಮಧ್ಯಯುಗದ ಇಂಗ್ಲೆಂಡಿನ ಒಕ್ಕಲಿಗನಿಗೆ ಅದೂ ಇರಲಿಲ್ಲ. ಪಾರಿವಾಳಮನೆ ಕಟ್ಟುವ ಅಧಿಕಾರ ಜಹಗೀರಿನ ಒಡೆಯನದು, ಆ ಒಡೆಯನು ಸರದಾರನೇ ಇರಲಿ, ಮಠಾಧಿಪತಿಯೇ ಇರಲಿ. ಒಡೆಯನ ಹಕ್ಕಿಯನ್ನು ಕೊಂದು ಸಿಕ್ಕಿಬಿದ್ದವನು ಒಡೆಯನದೇ ನ್ಯಾಯಾಲಯದಲ್ಲಿ ನಿಂತು ದಂಡ ತೆರಬೇಕಾಗಿತ್ತು. ನಮ್ಮ ಶಿಬಿ ಚಕ್ರವರ್ತಿ ಪಾರಿವಾಳಕ್ಕಾಗಿ ತನ್ನ ತೊಡೆಯ ಮಾಂಸವನ್ನು ಕೊಯ್ದು ತಕ್ಕಡಿಗೆ ಹಾಕಿದನು. ಇಲ್ಲಿ ತಕ್ಕಡಿಗೆ ಬಿದ್ದದ್ದು ಒಕ್ಕಲಿಗನ ಮಾಂಸ, ಪಾರಿವಾಳವೂ ಉಳಿಯಲಿಲ್ಲ.

ನನ್ನ ಮಾತಿಗೆ ಬರುವ ಆಕ್ಷೇಪಗಳನ್ನು ನಾನು ಬಲ್ಲೆ. ಊಟದ ಮೇಜಿನಲ್ಲಿ ಅಳಿಯಂದಿರೇ ಅವುಗಳಲ್ಲಿ ಅರ್ಧವನ್ನು ಎತ್ತಿದರು. ಚಳಿಗಾಲದಲ್ಲಿ ತಾಜಾ ಮಾಂಸ ಸಿಗದ ಕಾಲವದು, ಪಾರಿವಾಳವೇ ಜನರ ಜೀವ ಉಳಿಸಿತು ಎಂಬ ಮಾತು ಅನೇಕ ಪ್ರವಾಸಿ ಕೈಪಿಡಿಗಳಲ್ಲಿದೆ. ಪಾರಿವಾಳ ಹೆಚ್ಚಾಗಿ ಮರಿಮಾಡುವುದು ವಸಂತದಿಂದ ಶರತ್ಕಾಲದವರೆಗೆ. ಮಾಂಸಕ್ಕೆ ಬರ ಬಂದ ನಡುಚಳಿಗಾಲದಲ್ಲಿ ಗೂಡಿನಲ್ಲಿ ಮರಿಯೇ ಇರುವುದಿಲ್ಲ. ಬೇಸಗೆಯಲ್ಲಿ ಮರಿ ತುಂಬಿದಾಗ ಬೇರೆ ಮಾಂಸಕ್ಕೂ ಬರವಿಲ್ಲ. ಸಿಕ್ಕ ಮರಿಗಳೂ ಬಡವನ ಗಡಿಗೆಗೆ ಹೋಗಲಿಲ್ಲ. ಅದು ಮಠಾಧಿಪತಿಯ ಪಂಕ್ತಿಯ, ಅವನ ಗಣ್ಯ ಅತಿಥಿಗಳ ಭಕ್ಷ್ಯ. ಹೊಟ್ಟೆಪಾಡಿಗೆ ಬಿದ್ದವನ ಹೆಸರು ಹೇಳಿ ಹೊಟ್ಟೆತುಂಬಿದವನ ರುಚಿಯನ್ನು ಸಮರ್ಥಿಸುವುದು ಹಳೆಯ ಚಾಳಿ.

ಸನ್ಯಾಸಿಗಳು ಮಾಂಸ ತಿನ್ನುತ್ತಿದ್ದರೇ ಎಂದು ನಮ್ಮವರು ಕೇಳುವುದು ಸಹಜ. 6ನೆಯ ಶತಮಾನದ ಸಂತ ಬೆನೆಡಿಕ್ಟನ ನಿಯಮಾವಳಿಯು, ತೀರ ನಿತ್ರಾಣರಾದ ರೋಗಿಗಳ ಹೊರತು ಉಳಿದವರಿಗೆ ನಾಲ್ಕು ಕಾಲಿನ ಪ್ರಾಣಿಗಳ ಮಾಂಸವನ್ನು ನಿಷೇಧಿಸಿತು. ಪಾರಿವಾಳಕ್ಕೆ ಕಾಲು ಎರಡೇ ಎಂಬುದನ್ನು ಕಂಡುಹಿಡಿಯಲು ಮಠಗಳಿಗೆ ಬಹಳ ಕಾಲ ಹಿಡಿಯಲಿಲ್ಲ. ಮಾಂಸಾಹಾರದ ಪ್ರಶ್ನೆ ಎಷ್ಟು ಬೆಳೆಯಿತೆಂದರೆ, ಸ್ವತಃ ಸಿಸ್ಟರ್ಷಿಯನ್ನನಾಗಿದ್ದ ಪೋಪ್ ಹನ್ನೆರಡನೆಯ ಬೆನೆಡಿಕ್ಟನು 1335ರಲ್ಲಿ ತನ್ನ ಪಂಥದವರಿಗೆ ಈ ಬಗ್ಗೆ ಕಟ್ಟಳೆಗಳನ್ನೇ ಹೊರಡಿಸಬೇಕಾಯಿತು.

ಈ ಸಿಸ್ಟರ್ಷಿಯನ್ನರ ಸಂಗತಿಯೇ ನನ್ನನ್ನು ಹೆಚ್ಚು ಕೆರಳಿಸುವುದು. ಉಳಿದ ಮಠಗಳು ಮೊದಲಿನಿಂದಲೂ ಜಹಗೀರು ಉಂಡವು. ಅವುಗಳಿಂದ ಯಾರೂ ಬೇರೆಯದನ್ನು ನಿರೀಕ್ಷಿಸಿರಲಿಲ್ಲ. ಸಿಸ್ಟರ್ಷಿಯನ್ನರು ಹುಟ್ಟಿದ್ದೇ ಅದರ ವಿರುದ್ಧ. ದಶಾಂಶ ಬೇಡ, ಹಳ್ಳಿಗಳ ಒಡೆತನ ಬೇಡ, ಜೀತದಾಳುಗಳು ಬೇಡ, ನಮ್ಮ ಕೈಯ ದುಡಿಮೆಯಿಂದ ನಮ್ಮ ಅನ್ನ ಎಂದು ಅವರ ಆರಂಭದ ಕಟ್ಟಳೆಗಳು ಸಾರಿದವು. ಗ್ರೇಂಜ್ ಎಂಬ ಏರ್ಪಾಡೇ ಆ ಸಂಕಲ್ಪದಿಂದ ಬಂದದ್ದು. ವ್ರತ ತೊಟ್ಟ ದುಡಿಮೆಯ ಸೋದರರು ಹೊಲ ಉತ್ತು, ಮಠಕ್ಕೆ ಧಾನ್ಯ ಕಳುಹಿಸುವುದು. ಅಂತಹವರ ಆವರಣದಲ್ಲಿಯೂ ಒಡೆತನದ ಗುರುತಾದ ಈ ದುಂಡು ಗೋಪುರ ಎದ್ದಿತು. ಇದು ಇಂದಿನವರ ಕನ್ನಡಕದಿಂದ ಅಂದಿನವರನ್ನು ನೋಡುವುದಲ್ಲವೇ ಎನ್ನುವವರಿಗೆ ನಾನು ಅಂದಿನವರನ್ನೇ ಸಾಕ್ಷಿಗೆ ಕರೆಯುತ್ತೇನೆ. ವೇಲ್ಸಿನ ಗಡಿಸೀಮೆಯ ವಾಲ್ಟರ್ ಮ್ಯಾಪ್, ವೇಲ್ಸಿನವನೇ ಆದ ಜೆರಾಲ್ಡ್, ಇಬ್ಬರೂ 12ನೆಯ ಶತಮಾನದಲ್ಲಿ ಹುಟ್ಟಿದ ಪಂಡಿತರು, ಇಬ್ಬರೂ ಚರ್ಚಿನ ಅಧಿಕಾರಿಗಳು. ಸಿಸ್ಟರ್ಷಿಯನ್ನರ ಭೂದಾಹವನ್ನು, ಊರುಗಳನ್ನು ಎತ್ತಿಸಿ ಹೊಲ ಮಾಡಿಕೊಂಡ ರೀತಿಯನ್ನು ಅವರು ಬರೆದಿಟ್ಟಷ್ಟು ಕಟುವಾಗಿ ಬರೆಯುವ ಧೈರ್ಯ ನನಗಿಲ್ಲ.

ಇನ್ನೊಂದು ಆಕ್ಷೇಪದಲ್ಲಿ ಹುರುಳಿದೆ, ಅದನ್ನು ತಳ್ಳಿಹಾಕಲಾರೆ. ಮಂಕ್‌ನ್ಯಾಷ್‌ನಲ್ಲಿ ಸುತ್ತಲಿನ ಹೊಲ ಮಠದ್ದೇ. ಹಕ್ಕಿ ಮೊದಲು ತಿನ್ನುವುದು ಮಠದ ಕಾಳನ್ನೇ. ನಿಜ. ಆದರೆ ಪಾರಿವಾಳಕ್ಕೆ ಸರ್ವೆ ಕಲ್ಲು ಕಾಣುವುದಿಲ್ಲ, ಮೈಲಿಗಟ್ಟಲೆ ಹಾರಬಲ್ಲದು. ಅಲ್ಲದೆ ದುಡಿಮೆಯ ಸೋದರರ ಸಂಖ್ಯೆ ಕ್ರಮೇಣ ಇಳಿದು, 1348-49ರ ಮಹಾಮಾರಿ ಬಂದುಹೋದ ಮೇಲೆ ಮಠಗಳು ತಮ್ಮ ಗ್ರೇಂಜ್‌ಗಳನ್ನು ಹೆಚ್ಚು ಹೆಚ್ಚಾಗಿ ಗೇಣಿಗೆ ಕೊಡತೊಡಗಿದವು. ಗೇಣಿಗೆ ಕೊಟ್ಟ ನೆಲದಲ್ಲಿ ಮೇದ ಹಕ್ಕಿ ತಿಂದದ್ದು ಗೇಣಿದಾರನ ಬೆಳೆಯನ್ನು. ಗೇಣಿ ಎಂಬ ಪದದ ಭಾರ ನಮ್ಮಲ್ಲಿ 1974ರ ಭೂಸುಧಾರಣೆಗೆ ಮುಂಚೆ ಬುದ್ಧಿ ತಿಳಿದವರಿಗೆಲ್ಲ ಗೊತ್ತು. ಸ್ಕಾಟ್ಲೆಂಡಿನಲ್ಲಿ 1617ರಲ್ಲಿ ಆದ ಕಾನೂನೊಂದು ಈ ಗೊಂದಲವನ್ನು ಸೊಗಸಾಗಿ ಬಯಲಿಗಿಡುತ್ತದೆ. ಪಾರಿವಾಳಮನೆ ಕಟ್ಟಬೇಕಾದರೆ ಸುತ್ತಲಿನ ಎರಡು ಮೈಲಿಯೊಳಗೆ ಇಂತಿಷ್ಟು ಧಾನ್ಯದ ಉತ್ಪತ್ತಿಯುಳ್ಳ ಭೂಮಿ ಕಟ್ಟುವವನದಾಗಿರಬೇಕು ಎಂದಿತು ಆ ಕಾನೂನು. ನೋಡಲು ನ್ಯಾಯವೇ! ಆದರೆ ಭೂಮಿ ಒಡೆಯನದು, ಪೈರು ಯಾರದು ಎಂಬುದನ್ನು ಕಾನೂನು ಕೇಳಲಿಲ್ಲ.

ಕೇಳಿದ್ದು ಫ್ರಾನ್ಸಿನಲ್ಲಿ. 1789ರಲ್ಲಿ ಫ್ರಾನ್ಸಿನ ದೊರೆಯು ಮಹಾಸಭೆಯನ್ನು ಕರೆದಾಗ, ಊರೂರಿನ ಜನ ತಮ್ಮ ದೂರುಗಳನ್ನು ಬರೆದು ಕಳುಹಿಸಬೇಕಾಯಿತು. ಆ ದೂರಿನ ಪಟ್ಟಿಗಳಲ್ಲಿ ತೆರಿಗೆ, ಉಪ್ಪುಗಳ ಜೊತೆಗೆ ಪಾರಿವಾಳವೂ ಮತ್ತೆ ಮತ್ತೆ ಬರುತ್ತದೆ. ಶತಮಾನಗಳ ಕಾಲ ಒಕ್ಕಲಿಗನ ಎದೆಯೊಳಗೇ ಉಳಿದದ್ದು, ಲೇಖನಿ ಕೈಗೆ ಬಂದ ಮೊದಲ ಸಲವೇ ಕಾಗದಕ್ಕಿಳಿಯಿತು. ಆ ವರ್ಷದ ಆಗಸ್ಟ್ 4ರ ರಾತ್ರಿ ಆರಂಭವಾಗಿ 11ರಂದು ಸಿದ್ಧವಾದ ನಿರ್ಣಯಗಳ ಎರಡನೆಯ ಕಲಮು ಪೂರ್ತಿಯಾಗಿ ಪಾರಿವಾಳದ್ದೇ. ಪಾರಿವಾಳಮನೆಯ ವಿಶೇಷ ಹಕ್ಕು ರದ್ದು. ಊರಿನವರು ಗೊತ್ತುಪಡಿಸಿದ ಕಾಲದಲ್ಲಿ ಹಕ್ಕಿಗಳನ್ನು ಕೂಡಿಹಾಕಬೇಕು. ಆಗ ಹೊರಬಂದರೆ ಯಾರಾದರೂ ತಮ್ಮ ಹೊಲದಲ್ಲಿ ಅವುಗಳನ್ನು ಕೊಲ್ಲಬಹುದು. ಮಾನವ ಹಕ್ಕುಗಳ ಘೋಷಣೆ ಅಂಗೀಕಾರವಾದದ್ದು ಆಗಸ್ಟ್ 26ರಂದು. ಪಾರಿವಾಳದ ತಂಟೆ ಮುಗಿದ ಹದಿನೈದು ದಿನಕ್ಕೆ ಮನುಷ್ಯನ ಸರದಿ ಬಂತು. ತರಗತಿಯಲ್ಲಿ ಫ್ರಾನ್ಸಿನ ಕ್ರಾಂತಿಯನ್ನು ನನ್ನಿಂದ ಕೇಳಿದವರಿಗೆ ಬಾಸ್ತೀಯ ಸೆರೆಮನೆ ನೆನಪಿದ್ದೀತು. ಅದರ ಪಕ್ಕದಲ್ಲಿ ಒಂದು ಪಾರಿವಾಳಮನೆಯನ್ನೂ ನಿಲ್ಲಿಸಿಕೊಳ್ಳಿರಿ.

ಬ್ರಿಟನ್ನಿನಲ್ಲಿ ಇಂತಹ ರಾತ್ರಿ ಬರಲಿಲ್ಲ. ಮಠಗಳು ಮುಚ್ಚಿದಾಗ ಹಕ್ಕಿಗಳ ಒಡೆಯ ಬದಲಾದನೇ ಹೊರತು ಹಕ್ಕಿ ಮೇಯುವ ಹೊಲ ಬದಲಾಗಲಿಲ್ಲ. ಬೆಡ್‌ಫೋರ್ಡ್‌ಷೈರ್‌ನ ವಿಲಿಂಗ್‌ಟನ್‌ನಲ್ಲಿ ಜಾನ್ ಗೋಸ್ಟ್‌ವಿಕ್ ಎಂಬ ರಾಜಾಧಿಕಾರಿ 1540ರ ದಶಕದಲ್ಲಿ ಸುಮಾರು 1500 ಗೂಡುಗಳ ಪಾರಿವಾಳಮನೆಯನ್ನು ಕಟ್ಟಿಸಿದನು. ಮುಚ್ಚಿದ ಮಠಗಳ ಕಲ್ಲನ್ನೇ ಅದಕ್ಕೆ ಬಳಸಿದನೆಂಬ ಪ್ರತೀತಿಯಿದೆ. ವೇಲ್ಸಿನ ಆಂಗಲ್ಸಿ ದ್ವೀಪದ ಪೆನ್‌ಮಾನ್‌ನಲ್ಲಿ ಹಳೆಯ ಮಠದ ಪಕ್ಕದಲ್ಲಿರುವ ಸುಂದರವಾದ ಪಾರಿವಾಳಮನೆಯನ್ನು ನೋಡಿದವರು ಸನ್ಯಾಸಿಗಳದೆಂದೇ ತಿಳಿಯುತ್ತಾರೆ. ಅದು ಸುಮಾರು 1600ರಲ್ಲಿ ಭೂಮಾಲೀಕ ಸರ್ ರಿಚರ್ಡ್ ಬಲ್ಕ್‌ಲಿ ಕಟ್ಟಿಸಿದ್ದು.

ಹಾಗಾದರೆ ಇವನ್ನು ಕೆಡವಬೇಕೇ? ಖಂಡಿತ ಕೂಡದು. ಕೆಡವಿದರೆ ಲಾಭ ಒಡೆಯನಿಗೇ. ಮಠಗಳ ದಾನಪತ್ರಗಳು, ಬಾಡಿಗೆಯ ಲೆಕ್ಕಗಳು, ವ್ಯಾಜ್ಯದ ಕಾಗದಗಳು ಮಠದವರು ಬರೆದವು, ಮಠದ ಪರವಾಗಿಯೇ ಮಾತನಾಡುತ್ತವೆ. ಆ ಹೊಲದಲ್ಲಿ ನಿಂತು ಕೈಚಪ್ಪಾಳೆ ತಟ್ಟಿ ಹಕ್ಕಿ ಓಡಿಸಿದ ಹೆಂಗಸಿನ, ಹುಡುಗನ ಕಡೆಯಿಂದ ನಮಗೆ ಬಂದ ಕಾಗದವಿಲ್ಲ. ಗೂಡುಗಳನ್ನು ಎಣಿಸಿದರೆ ಮಾತ್ರ ಅವರು ಕಳೆದುಕೊಂಡ ಕಾಳಿನ ಅಳತೆ ಸಿಗುತ್ತದೆ. ಹೆರೆಫೋರ್ಡ್‌ಷೈರ್‌ನ ಗಾರ್ವೆಯಲ್ಲಿ ಯೋಧ ಸನ್ಯಾಸಿಗಳು 1326ರಲ್ಲಿ ಕಟ್ಟಿದ ಪಾರಿವಾಳಮನೆಯಲ್ಲಿ 666 ಗೂಡುಗಳಿವೆ. ಬೈಬಲಿನಲ್ಲಿ ಮೃಗದ ಸಂಖ್ಯೆ ಅದೇ ಎಂದು ಜನ ಬೆರಗಾಗುತ್ತಾರೆ. ನನಗೆ ಆ ಸಂಖ್ಯೆಯಲ್ಲಿ ಕಾಣುವುದು ಆರುನೂರ ಅರವತ್ತಾರು ಸಣ್ಣ ಕಣಜಗಳು, ಪಿಶಾಚಿಯ ಸಹಾಯವೇ ಬೇಕಿಲ್ಲ.

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ಪಾರಿವಾಳಮನೆಯ ಬಗ್ಗೆ ಮಕ್ಕಳಿಗೆ ಬರೆಯುವವರು ಮಠದ ಹೆಸರು, ಶತಮಾನ, ಗೂಡುಗಳ ಸಂಖ್ಯೆ ಇವುಗಳ ಜೊತೆಗೆ ಒಂದು ಸಾಲನ್ನು ಸೇರಿಸಲಿ: ಈ ಹಕ್ಕಿಗಳು ಸುತ್ತಲಿನ ಹೊಲಗಳಲ್ಲಿ ಮೇಯುತ್ತಿದ್ದವು, ಅವುಗಳನ್ನು ಕೊಲ್ಲುವ ಹಕ್ಕು ಹೊಲ ಉತ್ತವನಿಗೆ ಇರಲಿಲ್ಲ. ‘ಸ್ವಾವಲಂಬಿ ಮಠ’, ‘ಪ್ರಕೃತಿಯೊಡನೆ ಸಾಮರಸ್ಯ’ ಎಂಬ ಪದಗಳನ್ನು ಈಚೆಗೆ ಸಾವಯವ ಕೃಷಿಯ ಉತ್ಸಾಹಿಗಳೂ ಇವಕ್ಕೆ ತೊಡಿಸುತ್ತಿದ್ದಾರೆ. ನಮ್ಮ ಬಂಧುಗಳಲ್ಲಿಯೇ ಇಬ್ಬರಿದ್ದಾರೆ, ಅವರ ಹಿತ್ತಲ ತರಕಾರಿಯನ್ನು ನಾನು ಸಂತೋಷದಿಂದ ಉಂಡಿದ್ದೇನೆ. ಪಕ್ಕದವನ ಹೊಲ ಮೇದು ಬಂದ ಹಿಕ್ಕೆಯನ್ನು ಸ್ವಾವಲಂಬನೆಯ ಗೊಬ್ಬರವೆಂದು ಕರೆಯುವುದಕ್ಕೆ ಮಾತ್ರ ಅವರು ಬೇರೆ ನಿಘಂಟನ್ನು ಹುಡುಕಬೇಕು.

ಕಾರ್ಡಿಫ್, ಬ್ರಿಸ್ಟಲ್ ಕಡೆಗಳಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳು ಬಿಡುವಾದಾಗ ಮಂಕ್‌ನ್ಯಾಷ್‌ಗೆ ಹೋಗಿಬನ್ನಿರಿ. ಅವಶೇಷ ಹೊಲಗಳ ನಡುವೆ ಇದೆ. ಅಪ್ಪಣೆಯಿಲ್ಲದೆ ಬೇಲಿ ದಾಟಬೇಡಿ, ಉದುರಿದ ಕಲ್ಲುಗಳನ್ನು ಮುಟ್ಟಬೇಡಿ. ಗೋಪುರದ ಚಿತ್ರವನ್ನು ಎಲ್ಲರೂ ತೆಗೆಯುತ್ತಾರೆ. ನೀವು ಗೋಪುರಕ್ಕೆ ಬೆನ್ನುಮಾಡಿ ನಿಂತು, ಅಲ್ಲಿಂದ ಹಾರಿದ ಹಕ್ಕಿಗೆ ಮೊದಲು ಕಾಣುತ್ತಿದ್ದ ಹೊಲಗಳ ಚಿತ್ರವನ್ನೂ ತೆಗೆದು ನನಗೆ ಕಳುಹಿಸಿಕೊಡಿರಿ. ಈ ಬರಹದ ಕೆಳಗೆ ಹಾಕುತ್ತೇನೆ.